ಎಣ್ಣೆ ಕುಡಿದ ಟೈರು

ನಮ್ಮ ಮನೆಯಲ್ಲಿ ಮಾತಾಡುವುದಕ್ಕೆ ಜಾಗವಿಲ್ಲ. ಮಾತಿಗೇನೂ ಬರವಿಲ್ಲ, ಬೆಳಗಾದರೆ ಸಾಕು ಒಬ್ಬರ ಮೇಲೊಬ್ಬರು ಮಾತಾಡುವವರೇ. ಆದರೆ ರಾಯಚೂರಿನ ಹಳೇ ಓಣಿಯ ಈ ಮನೆಯಲ್ಲಿರುವುದು ಎರಡು ಕೋಣೆ, ಒಂದು ಪಡಸಾಲೆ. ಅದರೊಳಗೆ ಅತ್ತೆ, ಇಬ್ಬರು ಹೆಣ್ಣುಮಕ್ಕಳು, ನಾನು, ನಮ್ಮ ಮನೆಯವರು. ಗಂಡ ಹೆಂಡತಿ ಇಬ್ಬರೇ ಕೂತು ನಾಲ್ಕು ಮಾತಾಡೋಣವೆಂದರೆ ಒಬ್ಬಳಿಗೆ ಜಡೆ ಹಾಕಬೇಕು, ಇನ್ನೊಬ್ಬಳಿಗೆ ಪೆನ್ಸಿಲ್ ಸಿಗುತ್ತಿಲ್ಲ, ಅತ್ತೆಗಂತೂ ನಾವು ಏನು ಮಾತಾಡುತ್ತಿದ್ದೇವೆ ಎಂದು ತಿಳಿಯುವ ತನಕ ಸಮಾಧಾನವಿಲ್ಲ. ಹೀಗಾಗಿ ನಮ್ಮ ಸಂಸಾರದ ಮಾತೆಲ್ಲ ನಡೆದಿದ್ದು ಮೋಟರ್‌ಸೈಕಲ್ಲಿನ ಮೇಲೆ.

ನಾನು ಗಬ್ಬೂರಿನಲ್ಲಿ ಪ್ರಾಥಮಿಕ ಶಾಲೆಯ ಟೀಚರ್. ಅವರು ದೇವದುರ್ಗದ ಹತ್ತಿ ಮಿಲ್ಲೊಂದರಲ್ಲಿ ಮಷೀನು ನೋಡಿಕೊಳ್ಳುತ್ತಾರೆ. ದಾರಿ ಒಂದೇ. ಬೆಳಿಗ್ಗೆ ನನ್ನನ್ನು ಗಬ್ಬೂರಿನಲ್ಲಿ ಇಳಿಸಿ ಅವರು ಮುಂದೆ ಹೋಗುವುದು, ಸಂಜೆ ಬರುವಾಗ ಕೂಡಿಸಿಕೊಂಡು ಬರುವುದು. ಊರೊಳಗೆ ಗುರುತಿನವರು ಸಿಗುತ್ತಾರೆಂದು ಸುಮ್ಮನಿರುತ್ತೇನೆ. ಊರು ದಾಟಿದ್ದೇ ಅವರ ಬಲಗಿವಿಯ ಹತ್ತಿರ ಬಾಯಿ ತಂದು ಶುರು ಮಾಡುತ್ತೇನೆ. ದೊಡ್ಡವಳನ್ನು ಯಾವ ಶಾಲೆಗೆ ಹಾಕಬೇಕೆಂಬುದು ದಾರಿಯಲ್ಲಿನ ಕಲ್ಮಲ ಬರುವುದರೊಳಗೆ ತೀರ್ಮಾನವಾಗಿತ್ತು. ಕೂಲರ್ ತರುವುದೋ ಫ್ರಿಜ್ ತರುವುದೋ ಎಂಬ ಜಗಳ ಒಂದು ಬೇಸಿಗೆ ಪೂರ್ತಿ ನಡೆದು, ಕೂಲರ್ ಗೆಲ್ಲುವಷ್ಟರಲ್ಲಿ ಬೇಸಿಗೆಯೇ ಮುಗಿದಿತ್ತು. ನಮ್ಮಪ್ಪ ತೀರಿಕೊಂಡಾಗ ಮಂದಿಯೆದುರು ನನಗೆ ಅಳು ಬರಲಿಲ್ಲ. ಆಮೇಲೆ ಒಂದು ದಿನ ಈ ರಸ್ತೆಯ ಮೇಲೆ ಅವರ ಬೆನ್ನಿಗೆ ಹಣೆ ಇಟ್ಟು ಮನಸಾರೆ ಅತ್ತುಬಿಟ್ಟೆ. ಅವರು ಗಾಡಿ ನಿಲ್ಲಿಸಲಿಲ್ಲ, ಯಾಕೆಂದು ಕೇಳಲೂ ಇಲ್ಲ, ಮೆಲ್ಲಗೆ ಓಡಿಸಿದರು.

ಅವರದು ಕಡಿಮೆ ಮಾತು. ಹೆಲ್ಮೆಟ್ಟಿನೊಳಗಿಂದ ಹೆಚ್ಚಾಗಿ ಬರುವುದು ಒಂದೇ ವಾಕ್ಯ: "ಗಟ್ಟಿ ಮಾತಾಡು ಬೇ, ಕೇಳಸವಲ್ದು."

ಗಟ್ಟಿ ಎಂಬ ಶಬ್ದದ ಮೇಲೆ ಅವರಿಗೆ ವಿಪರೀತ ಪ್ರೀತಿ. ಬಕೆಟ್ ಕೊಳ್ಳುವಾಗ ಬೆರಳಿನಿಂದ ತಟ್ಟಿ "ಗಟ್ಟಿ ಅದ" ಅನ್ನುತ್ತಾರೆ. ಬಟ್ಟೆಯಂಗಡಿಯಲ್ಲಿ ಪ್ಯಾಂಟಿನ ಬಟ್ಟೆಯನ್ನು ಎರಡೂ ಕೈಯಲ್ಲಿ ಎಳೆದು ನೋಡುತ್ತಾರೆ, ಅಂಗಡಿಯವರು ಕಣ್ಣು ಕೆಕ್ಕರಿಸಿದರೂ ಬಿಡುವುದಿಲ್ಲ. ನಮ್ಮ ಮನೆಗೆ ಹೆಣ್ಣು ನೋಡಲು ಬಂದು ಹೋದ ಮೇಲೆ ಗೆಳೆಯರ ಹತ್ತಿರ "ಹುಡುಗಿ ಗಟ್ಟಿ ಅದಾಳ" ಅಂದಿದ್ದರಂತೆ. ಅದು ಹೊಗಳಿದ್ದೋ ಹೆದರಿದ್ದೋ ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಹೋದ ಮಳೆಗಾಲದಲ್ಲಿ ನಾವಿಬ್ಬರೂ ಗಾಡಿಯಿಂದ ಬಿದ್ದೆವು. ದಿನದ ದಾರಿಯಲ್ಲಲ್ಲ, ಮಾನ್ವಿ ದಾರಿಯಲ್ಲಿ. ಮಾನ್ವಿ ನನ್ನ ತವರು. ಬಸುರಿ ತಂಗಿಗೆ ಕುಬುಸ ಮಾಡುವ ಕಾರ್ಯ ಇತ್ತು. ಒಂದು ಡಬ್ಬಿ ತುಂಬ ಶೇಂಗಾ ಹೋಳಿಗೆ ಮಾಡಿಕೊಂಡು, ಇದ್ದದ್ದರಲ್ಲಿ ಚಲೋ ಸೀರೆ ಉಟ್ಟುಕೊಂಡು ಹೊರಟಿದ್ದೆ. ಕಲ್ಮಲದಲ್ಲಿ ದೇವದುರ್ಗದ ದಾರಿ ಬಿಟ್ಟು ಮಾನ್ವಿ ಕಡೆ ಹೊರಳಿದರೆ ಕಾಲುವೆ ನೀರಿನ ಗದ್ದೆಗಳು. ಭತ್ತದ ನಾಟಿ ನಡೆದಿತ್ತು. ಗದ್ದೆಯಿಂದ ಎದ್ದು ಬಂದ ಟ್ರ್ಯಾಕ್ಟರ್ ಗಾಲಿಗಳಿಂದ ಎರೆಮಣ್ಣಿನ ಕೆಸರು ಡಾಂಬರಿನ ಮೇಲೆ ಉದ್ದಕ್ಕೂ ಬಿದ್ದಿತ್ತು, ಮೇಲೆ ಸಣ್ಣಗೆ ಮಳೆ ಹನಿಯುತ್ತಿತ್ತು. ಹಿಂದಿನ ಗಾಲಿ ಜಾರಿತು. ನಾವು ಬಿದ್ದದ್ದೂ ಮೆಲ್ಲಗೇ, ಮಲಗಿಕೊಂಡ ಹಾಗೆ. ನನ್ನ ಮಂಡಿ ತರಚಿತು, ಕಾಲು ಉಳುಕಿತು, ಹೋಳಿಗೆ ಡಬ್ಬಿ ಗದ್ದೆಗೆ ಹೋಯಿತು. ಅವರಿಗೆ ಏನೂ ಆಗಲಿಲ್ಲ, ಆದರೆ ನನ್ನನ್ನು ಎಬ್ಬಿಸಿದ ಮೇಲೆ ಹೆಲ್ಮೆಟ್ಟಿನ ಪಟ್ಟಿ ಬಿಚ್ಚಲು ಅವರ ಬೆರಳಿಗೆ ಬರಲಿಲ್ಲ. ಅದನ್ನು ನಾನು ನೋಡಿದೆನೆಂದು ಅವರಿಗೂ ಗೊತ್ತಾಯಿತು.

ಮನೆಗೆ ಬಂದ ಮೇಲೆ ಅತ್ತೆ ನನ್ನ ಕಾಲಿಗೆ ಔಡಲೆಣ್ಣೆ, ಅಂದರೆ ಹರಳೆಣ್ಣೆ, ತಿಕ್ಕಿದರು. ಅತ್ತೆಗೆ ಔಡಲೆಣ್ಣೆ ಅಂದರೆ ಎಲ್ಲದಕ್ಕೂ ಮದ್ದು. ಗಬ್ಬೂರಿನ ಆಚೆಯ ಹಳ್ಳಿಯಲ್ಲಿ ಕುರಿ, ಹೊಲ, ಬಂಡಿ ಎಲ್ಲ ಇದ್ದ ಮನೆಯಲ್ಲಿ ಹುಟ್ಟಿ ಬೆಳೆದವರು. ಬಂಡಿಯ ಅಚ್ಚಿಗೆ ಎಣ್ಣೆ, ಎತ್ತಿನ ಕೋಡಿಗೆ ಎಣ್ಣೆ, ಹೊಸ ಚಪ್ಪಲಿ ಕಾಲು ಕಚ್ಚಬಾರದೆಂದು ಅದಕ್ಕೂ ಎಣ್ಣೆ. ಹೊಸದು ಯಾವುದು ಮನೆಯೊಳಗೆ ಬಂದರೂ ಮೊದಲು ಎಣ್ಣೆ ಕುಡಿಯಬೇಕು, ಆಮೇಲೇ ಅದು ನಮ್ಮ ಮಾತು ಕೇಳುತ್ತದೆ ಎಂದು ಅವರ ನಂಬಿಕೆ. ನಾನು ಹೊಸ ಸೊಸೆಯಾಗಿ ಬಂದಾಗ ನನ್ನ ನೆತ್ತಿಗೂ ಒಂದು ಬಟ್ಟಲು ಸುರಿದು ತಿಕ್ಕಿದ್ದರು. ಎಷ್ಟು ತೊಳೆದರೂ ವಾರದ ತನಕ ದಿಂಬಿಗೆಲ್ಲ ಅದೇ ವಾಸನೆ.

ಕಾಲು ತಿಕ್ಕುತ್ತಾ ಅತ್ತೆ ತಲೆ ಎತ್ತದೆ ಅಂದರು: "ಇನ್ಮ್ಯಾಗ ನೀ ಗಾಡಿ ಮ್ಯಾಲ ಕುಂದ್ರಬ್ಯಾಡ. ಬಸ್ಸಿಗಿ ಹೋಗು."

ನಾನು ಅವರ ಮಗನ ಮುಖ ನೋಡಿದೆ. ಅವರು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಗೋಡೆಯ ಕ್ಯಾಲೆಂಡರ್ ನೋಡುತ್ತಾ ಕೂತರು. ಅಂದರೆ ಒಪ್ಪಿಗೆ ಅಂತಲೇ ಅರ್ಥ.

ಬಸ್ಸಿನ ಮೇಲೆ ನನಗೇನೂ ಸಿಟ್ಟಿಲ್ಲ. ಹೊತ್ತಿಗೆ ಸರಿಯಾಗಿ ಬರುತ್ತದೆ, ಒಮ್ಮೊಮ್ಮೆ ಕೂರಲು ಸೀಟೂ ಸಿಗುತ್ತದೆ. ಆದರೆ ಬಸ್ಸು ಹಿಡಿಯಲು ನಾನು ಬೇಗ ಹೊರಡಬೇಕು, ಸಂಜೆ ಅವರಿಗಿಂತ ಮುಂಚೆ ಬರುತ್ತೇನೆ. ಅವರು ಬರುವ ಹೊತ್ತಿಗೆ ಮನೆಯಲ್ಲಿ ಎಲ್ಲರೂ ಎಲ್ಲರ ಜೊತೆ ಮಾತಾಡುತ್ತಿರುತ್ತಾರೆ. ನಮ್ಮಿಬ್ಬರ ನಡುವೆ ಉಳಿದದ್ದು "ಗ್ಯಾಸ್ ಬಂತೇನು", "ಮೊಸರು ಅದ ಏನು", ಇಷ್ಟೇ. ಹೇಳಬೇಕಾದದ್ದು ನನ್ನೊಳಗೆ ಕೂಡುತ್ತಾ ಹೋಯಿತು. ಮದುವೆಯಾಗಿ ಇಷ್ಟು ವರ್ಷವಾದ ಮೇಲೆ ಗಂಡನ ನೆನಪಾಗಿ ಬಸ್ಸಿನಲ್ಲಿ ಕಣ್ಣು ತುಂಬಿಕೊಂಡ ಹೆಂಗಸು ಇಡೀ ರಾಯಚೂರು ಜಿಲ್ಲೆಯಲ್ಲಿ ನಾನೊಬ್ಬಳೇ ಇರಬೇಕು, ಅದೂ ಅದೇ ಮನೆಯಲ್ಲಿ ಅದೇ ಗಂಡನಿಗೆ ರೊಟ್ಟಿ ಬಡಿದು ಕೊಟ್ಟು ಬಂದ ಮೇಲೆ. ನನಗೇ ನಗು ಬಂತು, ಸಿಟ್ಟೂ ಬಂತು. ನನಗೆ ಆ ಹಿಂದಿನ ಸೀಟು ಬೇಕಾಗಿತ್ತು. ಬೇರೇನೂ ಬೇಕಾಗಿರಲಿಲ್ಲ.

ಬಸ್ಸಿನಲ್ಲಿ ಮಾತಿಗೆ ಯಾರೂ ಇಲ್ಲದ್ದರಿಂದ ಮೊಬೈಲಿನಲ್ಲಿ ಟೈರುಗಳ ವಿಷಯ ಓದತೊಡಗಿದೆ. ಪಕ್ಕದಲ್ಲಿ ಕೂತವರು ಇಣುಕಿ ನೋಡಿ, ಟೀಚರಮ್ಮ ಇದೇನು ಓದುತ್ತಾಳೆ ಎಂಬಂತೆ ಮುಖ ಮಾಡುತ್ತಿದ್ದರು. ಹೀಗೆ ಓದಿದ ಮೇಲೆ ಒಂದು ಶನಿವಾರ ಸಂಜೆ ಗಾಡಿಯ ಹಿಂದೆ ಕುಕ್ಕರಗಾಲಲ್ಲಿ ಕೂತು ನೋಡಿದೆ. ಟೈರಿನ ಗೀರುಗಳ ತಳದಲ್ಲಿ ಅಲ್ಲಲ್ಲಿ ಒಂದೊಂದು ಸಣ್ಣ ಉಬ್ಬು ಇರುತ್ತದೆ. ಟೈರು ಸವೆದು ಸವೆದು ಆ ಉಬ್ಬಿಗೆ ಸಮ ಬಂತೆಂದರೆ ಬದಲಿಸಬೇಕೆಂದು ಲೆಕ್ಕ. ನಮ್ಮ ಗಾಡಿಯ ಹಿಂದಿನ ಟೈರಿನ ನಡುವೆ ಉಬ್ಬು ಯಾವುದು ಟೈರು ಯಾವುದು ಎಂದು ಗೊತ್ತಾಗುತ್ತಿರಲಿಲ್ಲ. ದಿನಾ ನೆಟ್ಟಗಿನ ರಸ್ತೆಯಲ್ಲಿ ಓಡಿ ನಡುವೆ ಚಪ್ಪಟೆಯಾಗಿ ಬೋಳಾಗಿತ್ತು.

"ಬರ್ರಿ ಇಲ್ಲಿ" ಅಂದೆ.

ಅವರು ಬಂದು ಬಗ್ಗಿ ನೋಡಿದರು. "ಇನ್ನಾ ಗಟ್ಟಿ ಅದಾವ ಬೇ. ಇದೊಂದು ವರ್ಷ ನಡೀತಾವ."

"ಗಟ್ಟಿ ಅದಾವ ಅಂತನೇ ಬಿದ್ದೀವಿ. ನಾಳಿ ಆಯ್ತಾರ. ಟೈರ್ ಅಂಗಡಿಗಿ ಹೋಗೂಣು. ನಾನೂ ಬರ್ತೀನಿ."

"ಟೈರ್ ಅಂಗಡಿಗಿ ನೀ ಯಾಕ?"

"ಹಿಂದಿನ ಟೈರಿನ ಮ್ಯಾಲ ಕುಂದ್ರಾಕಿ ನಾನಲ್ಲೇನ್ರಿ?"

ಅವರು ಪಡಸಾಲೆಯ ಕಡೆ ನೋಡಿದರು. ಅತ್ತೆ ಅಲ್ಲಿ ತೊಗರಿಬೇಳೆ ಹಸನು ಮಾಡುತ್ತಾ ಕೂತಿದ್ದರು, ಕೈ ನಿಂತಿತ್ತು.

ಮರುದಿನ ನಾವು ಹೊರಟ ಚಂದ ಹೇಳಬೇಕು. ಅತ್ತೆಯ ಮಾತು ಮೀರಬಾರದಲ್ಲ, ನಮ್ಮ ಮನೆಯವರು ಗಾಡಿಯ ಮೇಲೆ ಮುಂದೆ, ನಾನು ಆಟೋದಲ್ಲಿ ಹಿಂದೆ. ಆಟೋದವನಿಗೆ ಆ ಗಾಡಿಯ ಹಿಂದೆಯೇ ಹೋಗಪ್ಪಾ ಅಂದೆ. ಅವನು ಸ್ವಲ್ಪ ದೂರ ಹೋಗಿ ಕನ್ನಡಿಯಲ್ಲಿ ನನ್ನನ್ನು ನೋಡಿದ.

"ಯಕ್ಕಾ, ಯಾರ್ರಿ ಅಂವ? ಏನರ ತಕರಾರು ಏನ್ರಿ?"

"ನನ್ನ ಗಂಡ."

"ಮತ್ತ ಹಿಂದ ಕುಂತು ಹೋಗೋದ್ ಬಿಟ್ಟು ಆಟೋ ಯಾಕ್ರಿ?"

"ಹಿಂದ ಕುಂದ್ರಾಕನ ಹೊಂಟೀನಿ. ನೀ ಓಡ್ಸು."

ಟೈರಂಗಡಿಗಳ ಸಾಲಿನಲ್ಲಿ ಒಂದರ ಮುಂದೆ ನಿಂತೆವು. ಒಳಗೆ ಹೊರಗೆ ಟೈರುಗಳನ್ನು ಕಂಬದಂತೆ ಪೇರಿಸಿದ್ದರು, ಬಿಸಿಲಿಗೆ ರಬ್ಬರಿನ ವಾಸನೆ ಮೂಗಿಗೆ ಹತ್ತುತ್ತಿತ್ತು. ಮಾಲೀಕ ಎಲೆಅಡಿಕೆ ಜಗಿಯುತ್ತಾ ಕೂತಿದ್ದ. ನನಗೊಂದು ಸ್ಟೂಲು ಸರಿಸಿ "ನೆಳ್ಳಾಗ ಕುಂದರ್ರಿ ಮೇಡಂ" ಅಂದವನು, ಅಲ್ಲಿಂದ ಮುಂದೆ ಮಾತೆಲ್ಲ ನಮ್ಮ ಮನೆಯವರ ಜೊತೆಗೇ. ನಾನು ಕೂರಲಿಲ್ಲ.

ಮೊದಲು ಒಂದು ಟೈರು ತಂದು ನೆಲಕ್ಕೆ ಕುಕ್ಕಿದ. "ಇದು ನೋಡ್ರಿ, ಗಟ್ಟಿ ಮಾಲು. ಕಲ್ಲಂದ್ರ ಕಲ್ಲು. ಒಮ್ಮಿ ಹಾಕಿಸಿದ್ರ ನನ್ನ ಅಂಗಡಿ ದಾರಿನೇ ಮರೀತೀರಿ."

ನಮ್ಮ ಮನೆಯವರು ಹೆಬ್ಬೆರಳಿನ ಉಗುರು ಒತ್ತಿದರು. ಉಗುರು ಇಳಿಯಲಿಲ್ಲ, ಗುರುತೂ ಬೀಳಲಿಲ್ಲ. ಅವರ ಮುಖ ಅರಳಿತು. ಹೆಣ್ಣು ನೋಡಲು ಬಂದ ದಿನವೂ ಅಷ್ಟು ಅರಳಿರಲಿಲ್ಲ.

"ಇಲ್ಲಾಂದ್ರ ಬಟನ್ ಟೈರ್ ಹಾಕ್ಕೋರಿ" ಎಂದು ಮಾಲೀಕ ಇನ್ನೊಂದು ಉರುಳಿಸಿದ. ಮೈತುಂಬ ದಪ್ಪ ದಪ್ಪ ಗುಂಡಿಗಳು. "ಹೊಲದಾಗೂ ಓಡ್ತದ, ಮಡ್ಡ್ಯಾಗೂ ಓಡ್ತದ."

"ನಾವು ಹೊಲ ಹರಗಂಗಿಲ್ಲ, ಡಾಂಬರ್ ರೋಡಿನ್ಯಾಗ ಹೋಗ್ತೀವಿ" ಅಂದೆ. "ಡಾಂಬರಿನ ಮ್ಯಾಲ ಆ ಗುಂಡಿ ಅಷ್ಟೇ ನೆಲ ಮುಟ್ಟತಾವ, ನಡುವಿನ ಜಾಗ ಗಾಳ್ಯಾಗ ಇರ್ತದ. ಮಳಿಯಾಗ ಚಲೋ ಯಾವುದು, ಅದನ್ನ ತೋರಿಸ್ರಿ."

"ಮಳಿ?" ಅಂದು ಅವನು ಬಿಸಿಲಿನ ಕಡೆ ನೋಡಿ ನಕ್ಕ. "ರಾಯಚೂರಾಗ ಮಳಿ ಎಲ್ಲಿ ಅದ್ರಿ ಮೇಡಂ?"

ನಮ್ಮ ಮನೆಯವರೂ ನಕ್ಕರು. ನನಗೆ ಮೈಯೆಲ್ಲ ಉರಿದು ಹೋಯಿತು.

"ಮಳಿ ಇಲ್ಲ, ಖರೆ. ಮಾನ್ವಿ ದಾರ್ಯಾಗ ಕೆಸರು ಅದ. ನಾ ಬಿದ್ದೀನಿ, ನೀವು ಬಿದ್ದಿಲ್ಲ."

ಇಬ್ಬರ ನಗುವೂ ನಿಂತಿತು. ಆ ಹೊತ್ತಿನಲ್ಲಿ ನಾನು ಗಟ್ಟಿ ಟೈರಿನ ಪಕ್ಕ ಬಗ್ಗಿ ಮೊಬೈಲ್ ಬೆಳಕು ಬಿಟ್ಟು ಬದಿಯಲ್ಲಿದ್ದ ನಾಲ್ಕು ಅಂಕಿ ಓದಿದೆ. ಟೈರು ಯಾವ ವಾರ, ಯಾವ ವರ್ಷ ತಯಾರಾಯಿತೆಂದು ಅಲ್ಲಿ ಒತ್ತಿರುತ್ತಾರೆ. ಓದಿ ಎದ್ದು ನಿಂತೆ.

"ಈ ಟೈರು ನನ್ನ ಸಣ್ಣ ಮಗಳ ಜೋಡಿ ಒಂದನೇತ್ತಿಗಿ ಸೇರೇದ. ಆಕಿ ಈಗ ನಾಕನೇತ್ತಿ ಅದಾಳ. ಇದು ಇನ್ನಾ ನಿಮ್ಮ ಅಂಗಡ್ಯಾಗೇ ಕುಂತದ."

"ರಬ್ಬರ್ ಏನ್ ಹಾಲೇನ್ರಿ, ಇಟ್ರ ಕೆಡಾಕ?"

"ಕೆಡಂಗಿಲ್ಲ. ಬಿರುಸಾಗ್ತದ" ಅಂದೆ. ಆಮೇಲೆ ಅವನನ್ನು ಬಿಟ್ಟು ಗಂಡನ ಕಡೆ ತಿರುಗಿದೆ. "ನಿಮ್ಮ ಬಚ್ಚಲಮನಿ ಚಪ್ಪಲ್ ನೆನಪು ಅದಾವೇನ್ರಿ?"

ನೆನಪಿತ್ತು. ನಮ್ಮ ಬಚ್ಚಲಿಗೆ ಪರಸಿ ಕಲ್ಲು ಹಾಸಿದೆ. ಅವರದೊಂದು ಜೊತೆ ರಬ್ಬರ್ ಚಪ್ಪಲಿ ವರ್ಷಗಟ್ಟಲೆ ಸವೆಯದೆ ಉಳಿದಿತ್ತು, ಎಷ್ಟು ಗಟ್ಟಿ ಅದಾವ ನೋಡು ಎಂದು ಹೊಗಳಿದ್ದೇ ಹೊಗಳಿದ್ದು. ಒಂದು ದಿನ ಅದೇ ಚಪ್ಪಲಿ ಹಸಿ ಕಲ್ಲಿನ ಮೇಲೆ ಜಾರಿ ತಂಬಿಗೆ ಸಮೇತ ಬಿದ್ದರು. ಹೊಸ ಮೆತ್ತನೆ ಚಪ್ಪಲಿ ತಂದ ಮೇಲೆ ಅದೇ ಕಲ್ಲಿನ ಮೇಲೆ ಒಮ್ಮೆಯೂ ಜಾರಿಲ್ಲ. ಅವರು ಅಂಗಡಿಯವನ ಎದುರು ಇದನ್ನು ಬಾಯಿಬಿಟ್ಟು ಹೇಳಲಿಲ್ಲ, ಆದರೆ ಕೈ ತಾನಾಗಿ ಸೊಂಟಕ್ಕೆ ಹೋಯಿತು.

"ಮೆತ್ತಗಿಂದು ತೋರಿಸ್ರಿ" ಅಂದರು.

ಮಾಲೀಕ ಒಳಗಿನಿಂದ ಮೂರನೆಯದನ್ನು ತಂದ. ಹೊಸ ಮಾಲು, ಆ ವರ್ಷದ್ದೇ. ನಡುವಿನಿಂದ ಎರಡೂ ಬದಿಗೆ ನೀರು ಹೊರಗೆ ಹಾಕಲು ಆಳವಾದ ಗೀರುಗಳು. ನಮ್ಮ ಮನೆಯವರು ಉಗುರು ಒತ್ತಿದರು, ಉಗುರಿನ ಗುರುತು ಬಿದ್ದು ಮೆಲ್ಲಗೆ ಮಾಯವಾಯಿತು. ಅವರ ಮುಖ ಬಾಡಿತು.

"ಲಗೂ ಸವಿತಾವಲ್ಲ ಬೇ ಇವು."

"ಸವೀಲಿ ಬಿಡ್ರಿ. ನನ್ನ ಮಂಡಿ ಸವಿಯೂದಕ್ಕಿಂತ ಟೈರ್ ಸವಿಯೂದು ಚಲೋ."

ಸೋಲಬೇಕಾದವರು ಸೋತ ಮೇಲೆ ಮಾಲೀಕ ಇನ್ನೊಂದು ಆಸೆ ತೋರಿಸಿದ. "ಹಿಂದಕ ಒಂದ್ ನಂಬರ್ ದಪ್ಪಂದು ಹಾಕ್ರಿ ಸರ್. ಗಾಡಿಗಿ ಗತ್ತು ಬರ್ತದ." ಇಲ್ಲಿ ನಾನು ಬಾಯಿ ಹಾಕಲಿಲ್ಲ, ಯಾಕೆಂದರೆ ಮಷೀನಿನ ವಿಷಯ ಅವರದು. ಅವರು ಚೈನಿನ ಹತ್ತಿರ ಬೆರಳಿಟ್ಟು ಜಾಗ ನೋಡಿ ತಲೆ ಅಲ್ಲಾಡಿಸಿದರು. "ಉಜ್ಜತದ. ಕಂಪನಿಯವ್ರು ಯಾ ಸೈಜ್ ಕೊಟ್ಟಾರ, ಅದ ಇರ್ಲಿ."

"ಹಾಂಗಾದ್ರ ಹಿಂದಿಂದು ಒಂದು ಕೊಡ್ಲಿ? ಮುಂದಿಂದು ಇನ್ನಾ ನಡೀತದ."

"ಎರಡೂ ಹಾಕ್ರಿ" ಅಂದರು ನಮ್ಮ ಮನೆಯವರು. ಬಕೆಟ್ಟಿನ ಹಿಡಿಕೆ ಮುರಿದರೆ ತಂತಿ ಕಟ್ಟಿ ಬಳಸುವ ಮನುಷ್ಯ. ನನ್ನ ಮುಖ ನೋಡದೆ, ರಸ್ತೆಯ ಕಡೆ ನೋಡುತ್ತಾ ಹೇಳಿದರು. ಮುಂದಿನ ಟೈರೂ ಬೇಕೆಂದು ವಾದ ಮಾಡಲು ನಾನು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ. ಅವೆಲ್ಲ ಖರ್ಚಾಗದೆ ಉಳಿದವು. ನನಗೆ ಬಹಳ ಸಂತೋಷವಾಯಿತು.

ಹಳೆಯ ಟೈರು ಬಿಚ್ಚಿ, ಟೈರಿನ ಮೇಲಿನ ಬಾಣದ ಗುರುತು ಗಾಲಿ ತಿರುಗುವ ಕಡೆಗೇ ಇದೆಯೋ ನೋಡಿ, ಹೊಸದನ್ನು ಹಾಕಿ ಗಾಳಿ ತುಂಬಿದರು. ಹೊರಡುವಾಗ ಮಾಲೀಕ ಮೊದಲ ಸಲ ನನ್ನ ಕಡೆ ತಿರುಗಿ ಹೇಳಿದ: "ಹೊಸಾ ಟೈರಿನ ಮ್ಯಾಲ ಫ್ಯಾಕ್ಟರಿ ಅಚ್ಚಿನ ಎಣ್ಣಿ ಅಂಟಿರ್ತದ್ರಿ ಮೇಡಂ, ಜಾರ್ತದ. ನಾಕ್ ದಿನ ಮೆಲ್ಲಕ ಹೋಗ್ರಿ, ಒಮ್ಮಿಗೇ ಬ್ರೇಕ್ ಹಿಡೀಬ್ಯಾಡ್ರಿ. ಆಮ್ಯಾಲ ಫಿಕರ್ ಇಲ್ಲ."

ಮನೆಗೆ ಬರುವಾಗಲೂ ಅವರು ಮುಂದೆ, ನಾನು ಆಟೋದಲ್ಲಿ ಹಿಂದೆ. ಅತ್ತೆ ಬಾಗಿಲಲ್ಲೇ ಕಾಯುತ್ತಿದ್ದರು. ಗಾಲಿಗಳಿಗೆ ಭಂಡಾರ ಹಚ್ಚಿ, ಕುಂಕುಮ ಇಟ್ಟು, ಊದಿನಕಡ್ಡಿ ಬೆಳಗಿದರು. ಎರಡೂ ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟು ಮಗನಿಗೆ ಗಾಡಿ ಮುಂದೆ ತಳ್ಳಲು ಹೇಳಿದರು. ಎಲ್ಲ ಆದ ಮೇಲೆ ಟೈರನ್ನು ಬೆರಳಿನಿಂದ ಒತ್ತಿ ನೋಡಿದರು.

"ಎಂಥಾವು ತಂದೀರಿ?"

"ಮೆತ್ತಗಿನ್ವು ಅತ್ತಿ" ಅಂದೆ. "ಗಟ್ಟಿ ಇದ್ದಷ್ಟೂ ಜಾರ್ತಾವ. ಮೆತ್ತಗ ಇದ್ದಷ್ಟೂ ನೆಲ ಹಿಡೀತಾವ."

"ಇವೇನ್ ಮೆತ್ತಗ? ನನ್ನ ಹಿಮ್ಮಡಿಗಿಂತ ಬಿರುಸು ಅದಾವ."

ಇದೇ ಸಮಯವೆಂದು ನಾನು ಅವರ ಮಗನಿಗೆ ಹೇಳುವ ಹಾಗೆ ಅತ್ತೆಗೆ ಹೇಳಿದೆ: "ನಾಳಿಂದ ನಾ ಗಾಡಿ ಮ್ಯಾಲ ಬರ್ತೀನ್ರಿ. ಬಸ್ಸಿಗಿ ಹೋಗಂಗಿಲ್ಲ."

ಅತ್ತೆ ಟೈರು ಒತ್ತುತ್ತಲೇ ಇದ್ದರು. ಮಗ ಕ್ಯಾಲೆಂಡರ್ ಹುಡುಕಿದರು, ಹೊರಗೆ ಅದು ಇರಲಿಲ್ಲ, ಆಕಾಶ ನೋಡಿದರು. ನಾನು ಒಳಗೆ ಹೋಗಿ ಕುಕ್ಕರಿಗೆ ಬೇಳೆ ಹಾಕಿದೆ. ಸಂಜೆಯೆಲ್ಲ ಯಾರೂ ಆ ಮಾತು ತೆಗೆಯಲಿಲ್ಲ. ಒಪ್ಪಿದರೋ ಬಿಟ್ಟರೋ ತಿಳಿಯದೆ ನನಗೆ ಊಟ ರುಚಿಸಲಿಲ್ಲ.

ಸೋಮವಾರ ಬೆಳಿಗ್ಗೆ ಬಸ್ಸಿನ ಹೊತ್ತು ಬೇಕೆಂದೇ ದಾಟಿಸಿದೆ. ಬ್ಯಾಗು ಹೆಗಲಿಗೆ ಹಾಕಿ, ಬುತ್ತಿ ಹಿಡಿದು, ಸೆರಗು ಸಿಕ್ಕಿಸಿ ಹೊರಗೆ ಬಂದೆ. ಗಾಡಿಯ ಟೈರುಗಳು ಆಗ ತಾನೇ ಕೆರೆಯಿಂದ ಎದ್ದು ಬಂದ ಎಮ್ಮೆಯ ಹಾಗೆ ಮಿರಿಮಿರಿ ಮಿಂಚುತ್ತಿದ್ದವು. ಹೊಸದು ಅಂದರೆ ಹೊಸದೇ ಎಂದು ಒಂದು ಗಳಿಗೆ ಹಿಗ್ಗಿದೆ. ಆಮೇಲೆ ವಾಸನೆ ಬಂತು. ಬೆರಳು ಇಟ್ಟೆ, ಬೆರಳು ಜಾರಿತು. ಔಡಲೆಣ್ಣೆ. ಮುಂದಿನದಕ್ಕೂ ಹಿಂದಿನದಕ್ಕೂ, ಗೀರುಗಳ ಒಳಗೆಲ್ಲ ತುಂಬುವ ಹಾಗೆ, ಕೈ ಬಿಟ್ಟು ಹಚ್ಚಿದ್ದರು.

ನನ್ನ ತಲೆ ಕೆಟ್ಟು ಹೋಯಿತು. ನನ್ನನ್ನು ಬಸ್ಸಿಗೆ ಕಳಿಸಲು ಮಾಡಿದ ಉಪಾಯ ಎಂದೇ ಅನಿಸಿತು. ಅಂಗಳದಲ್ಲಿ ನಿಂತು ಒದರಿದೆ. "ಯಾರ್ರಿ ಇದಕ್ಕ ಎಣ್ಣಿ ಹಚ್ಚಿದವ್ರು? ನಾವು ಮತ್ತ ಬೀಳಲಿ ಅಂತೇನು? ಈ ಸಲ ಮಂಡಿ ಅಲ್ಲ, ತಲಿ ಒಡೀಲಿ ಅಂತೇನು?"

ಹುಡುಗಿಯರು ಬಾಗಿಲಿಗೆ ಬಂದರು. ನಮ್ಮ ಮನೆಯವರು ಹೆಲ್ಮೆಟ್ ಕೈಯಲ್ಲಿ ಹಿಡಿದುಕೊಂಡು ಬಂದು ಟೈರು ಮುಟ್ಟಿ ನೋಡಿ, "ಏನ್ ಮಾಡೀ ಯವ್ವಾ ಇದು" ಅಂದರು.

ಅತ್ತೆ ಹೊಸ್ತಿಲ ಮೇಲೆ ನಿಂತಿದ್ದರು. ಅವರಿಗೆ ನನ್ನ ಸಿಟ್ಟು ಅರ್ಥವೇ ಆಗಿರಲಿಲ್ಲ. ಎಣ್ಣೆ ಸಾಲಲಿಲ್ಲ ಎಂದು ಬೈಯುತ್ತಿದ್ದೇನೇನೋ ಎಂಬಂತೆ ನೋಡುತ್ತಿದ್ದರು.

"ನೀನೇ ಅಂದಿಯಲ್ಲಬೇ, ಮೆತ್ತಗ ಇದ್ದಷ್ಟೂ ನೆಲ ಹಿಡೀತಾವ ಅಂತ. ಮುಟ್ಟಿ ನೋಡಿದ್ನಿ, ಬಿರುಸು ಇದ್ವು. ಹೊಸಾ ಚಪ್ಪಲಿಗಿ ಹಚ್ಚಿದಂಗ ಹಚ್ಚೀನಿ, ಎಣ್ಣಿ ಕುಡುದ್ರ ಮೆತ್ತಗ ಆಗ್ತಾವಂತ." ಕೈ ಸೆರಗಿಗೆ ಒರೆಸಿಕೊಂಡು ಅಂದರು, "ನೀ ಹಿಂದ ಕುಂದ್ರಾಕಿ ಅದೀ ಅಂತನೇ ಹಿಂದಿಂದಕ್ಕ ಎರಡ್ ಸಲ ಹಚ್ಚೀನಿ."

ಬೈಗುಳ ಅರ್ಧ ಗಂಟಲಲ್ಲೇ ಉಳಿದಿತ್ತು, ಅದನ್ನು ನುಂಗಿದರೆ ಅಳು ಮೇಲೆ ಬಂತು. ಟೈರಿಗೆ ಎಣ್ಣೆ ಹಚ್ಚಬಾರದು ಎಂದು ಅವರಿಗೆ ಯಾರು ಹೇಳಬೇಕಿತ್ತು. ಅವರಪ್ಪನ ಬಂಡಿಗೆ ಕಬ್ಬಿಣದ ಪಟ್ಟಿ ಇತ್ತು, ರಬ್ಬರ್ ಇರಲಿಲ್ಲ. ನಾನು ಒಳಗೆ ಬೇಳೆ ಕುದಿಸುತ್ತಾ ಒಪ್ಪಿದರೋ ಇಲ್ಲವೋ ಎಂದು ಕುದಿಯುತ್ತಿದ್ದಾಗ, ಅವರು ಹೊರಗೆ ಬಟ್ಟಲು ಹಿಡಿದು ಕೂತು ತಮ್ಮ ಒಪ್ಪಿಗೆಯನ್ನು ಟೈರಿಗೆ ತಿಕ್ಕುತ್ತಿದ್ದರು.

"ಇದಕ್ಕ ಎಣ್ಣಿ ಆಗಿಬರಂಗಿಲ್ಲ ಅತ್ತಿ. ಜಾರ್ತದ" ಅಂದೆ, ಎಷ್ಟು ಮೆತ್ತಗೆ ಹೇಳಲು ಬಂತೋ ಅಷ್ಟು ಮೆತ್ತಗೆ.

"ಹಾಂಗಂತ ಹೇಳಬಾರದೇನ್ಬೇ. ಅಷ್ಟ್ ಯಾಕ ಗಟ್ಟಿ ಒದರ್ತಿ" ಅಂದು ಅತ್ತೆ ಸೆರಗು ಕಟ್ಟಿ ಕೆಳಗಿಳಿದರು.

ಬಿಸಿನೀರು ತಂದೆವು, ಸಾಬೂನು ಪುಡಿ ತಂದೆವು. ಅತ್ತೆ ಮುಂದಿನ ಗಾಲಿ, ನಾನು ಹಿಂದಿನ ಗಾಲಿ. ತೆಂಗಿನ ನಾರಿನಿಂದ ಗೀರು ಗೀರೂ ತಿಕ್ಕಿದೆವು. ನಮ್ಮ ಮನೆಯವರು ನೀರು ಹೊಯ್ಯುವುದು, ಗಾಲಿ ತಿರುಗಿಸುವುದು. ನೊರೆ ಓಣಿಯ ಚರಂಡಿಯ ತನಕ ಹರಿಯಿತು. ಎದುರು ಮನೆಯಾಕೆ ಕಿಟಕಿಯಲ್ಲಿ ನಿಂತು "ಇದೇನ್ರಿ, ಗಾಡಿಗಿ ನೀರ್ ಎರಿಯಾಕತ್ತೀರೇನು?" ಎಂದು ಕೇಳಿದಳು. ಅತ್ತೆ ತಲೆ ಎತ್ತದೆ "ಹೂಂ, ನಿನ್ನಿ ಎಣ್ಣಿ ಹಚ್ಚಿದ್ವಿ, ಇವತ್ತು ಎರಿಯಾಕತ್ತೀವಿ" ಅಂದರು. ಅಷ್ಟು ಹೊತ್ತಿನಲ್ಲಿ ಮೊದಲ ಸಲ ನಾವೆಲ್ಲರೂ ನಕ್ಕೆವು. ಶಾಲೆಗೆ ಫೋನ್ ಮಾಡಿ ತಡವಾಗುತ್ತದೆಂದು ತಿಳಿಸಿದೆ, ಕಾರಣ ಕೇಳಿದ್ದಕ್ಕೆ ಮನೆಯಲ್ಲಿ ಕೆಲಸ ಅಂದೆ.

ಮೂರು ಸಲ ತೊಳೆದು, ಒಣ ಬಟ್ಟೆಯಲ್ಲಿ ಒರೆಸಿ, ಬಿಸಿಲಿಗೆ ಬಿಟ್ಟ ಮೇಲೆ ಬೆರಳು ಇಟ್ಟರೆ ಬೆರಳು ನಿಂತಿತು. ಅವರು ಒಬ್ಬರೇ ಓಣಿಯ ತುದಿಯ ತನಕ ಹೋಗಿ, ಮೆಲ್ಲಗೆ ಬ್ರೇಕ್ ಹಿಡಿದು, ಆಮೇಲೆ ಗಟ್ಟಿಯಾಗಿ ಹಿಡಿದು ನೋಡಿ ಬಂದರು. "ಹಿಡೀತದ" ಅಂದರು. ಅಂದವರು ಗಾಡಿ ಆರಿಸದೆ ಸುಮ್ಮನೆ ಕೂತರು. ಕುಂದ್ರು ಎಂದು ನನಗೆ ಹೇಳಲಿಲ್ಲ. ಹ್ಯಾಂಡಲಿನ ಮೇಲಿದ್ದ ಅವರ ಕೈ ಬಿಳಿಚಿತ್ತು. ಅವರ ಅಂಜಿಕೆಗೆ ಟೈರು ಸಾಲದೆಂದು ನನಗೆ ಆಗ ಗೊತ್ತಾಯಿತು. ನಾನು ಬ್ಯಾಗು ಎತ್ತಿಕೊಂಡು ಹತ್ತಿರ ಹೋದೆ.

"ನಿಂದ್ರು" ಅಂದರು ಅತ್ತೆ. "ಮೊದಲ ನಾ ಕುಂದ್ರತೀನಿ."

ಗಾಡಿ ಮನೆಗೆ ಬಂದಾಗಿನಿಂದ ಅತ್ತೆ ಒಮ್ಮೆಯೂ ಅದರ ಮೇಲೆ ಕೂತವರಲ್ಲ. ಆಸ್ಪತ್ರೆಗೂ ಆಟೋ, ದೇವರಿಗೂ ಆಟೋ. ಈಗ ಒದ್ದೆ ಸೀರೆಯಲ್ಲೇ, ಒಂದು ಕೈ ನನ್ನ ಹೆಗಲಿಗೆ, ಒಂದು ಕೈ ಮಗನ ಹೆಗಲಿಗೆ ಕೊಟ್ಟು ಹತ್ತಿದರು. ಒಂದೇ ಬದಿಗೆ ಕಾಲು ಇಳಿಬಿಟ್ಟು, ಕಣ್ಣು ಮುಚ್ಚಿ, "ನಡಿ" ಅಂದರು. ಮಗ ನಿಧಾನಕ್ಕೆ ಓಣಿ ದಾಟಿ ಹೊರಳಿದರು. ನಾನೂ ಹುಡುಗಿಯರೂ ರಸ್ತೆಯ ನಡುವೆ ನಿಂತು ಕಾದೆವು. ಬೀದಿ ಸುತ್ತಿ ಇನ್ನೊಂದು ಕಡೆಯಿಂದ ಅವರು ಬಂದಾಗ ಅತ್ತೆ ಕಣ್ಣು ಬಿಟ್ಟಿದ್ದರು. ಮಗನ ಅಂಗಿಯನ್ನು ಮುಷ್ಟಿ ತುಂಬ ಹಿಡಿದಿದ್ದರು, ಅದನ್ನು ಬಿಡಿಸಿಕೊಳ್ಳಲು ಸ್ವಲ್ಪ ಹೊತ್ತು ಹಿಡಿಯಿತು.

ಇಳಿದು ಸೀರೆ ಸರಿ ಮಾಡಿಕೊಂಡರು. "ಜಾರಂಗಿಲ್ಲ" ಅಂದರು ಮಗನಿಗೆ. ನನಗೆ, "ಹೋಗಿ ಬಾ ಯವ್ವಾ" ಅಂದರು.

ನಾನು ಕೂತೆ. ಊರು ದಾಟುವ ತನಕ ಎಂದಿನ ಹಾಗೆ ಸುಮ್ಮನಿದ್ದೆ. ಊರು ದಾಟಿದ ಮೇಲೂ ಮಾತು ಹೊರಡಲಿಲ್ಲ. ಹೇಳುವುದು ಏನು ಕಡಿಮೆ ಇತ್ತೇ, ಬಸ್ಸಿನಲ್ಲಿ ಕೂತು ಕೂತು ಪೇರಿಸಿಟ್ಟಿದ್ದೆಲ್ಲ ಇತ್ತು. ತಂಗಿಗೆ ಹೆಣ್ಣುಮಗು ಹುಟ್ಟಿದ್ದನ್ನು ಅವರು ಕೇಳಿದ್ದರೇ ಹೊರತು ಅದಕ್ಕೆ ನನ್ನದೇ ಮೂಗು ಬಂದಿದೆ ಎಂದು ನಾನಿನ್ನೂ ಹೇಳಿರಲಿಲ್ಲ. ಆದರೆ ಅವರ ಬೆನ್ನು ಕಂಡದ್ದೇ ಎಲ್ಲವೂ ಒಟ್ಟಿಗೇ ಎದ್ದು, ಯಾವುದರಿಂದ ಶುರು ಮಾಡಬೇಕೆಂದು ತಿಳಿಯಲಿಲ್ಲ. ಅವರು ಟೈರಿನವನು ಹೇಳಿದಂತೆ ಮೆಲ್ಲಗೆ ಓಡಿಸುತ್ತಿದ್ದರು. ನಾನು ಹೋಗುತ್ತಿದ್ದಂಥದೇ ಒಂದು ಬಸ್ಸು ಹಾರನ್ ಹಾಕಿ ನಮ್ಮನ್ನು ದಾಟಿತು. ಎರಡೂ ಬದಿಗೆ ಹತ್ತಿಯ ಹೊಲ, ಬಿಸಿಲು. ಕಲ್ಮಲ ಬಂತು, ಮಾನ್ವಿಯ ದಾರಿ ಎಡಕ್ಕೆ ಬಿಟ್ಟು ನಮ್ಮ ದಾರಿಗೆ ಹೊರಳಿದೆವು. ಹೊರಳುವಾಗ ಅವರ ಹೆಗಲು ಬಿಗಿಯಿತು, ಗಾಡಿ ಅಲ್ಲಾಡಲಿಲ್ಲ, ಹೆಗಲು ಸಡಿಲಿತು.

ಸ್ವಲ್ಪ ಮುಂದೆ ಹೋದ ಮೇಲೆ ಅವರು ತಲೆಯನ್ನು ಬಲಕ್ಕೆ ವಾಲಿಸಿ, ಕಿವಿಯನ್ನು ನನ್ನ ಕಡೆ ತಂದರು.

"ಗಟ್ಟಿ ಮಾತಾಡು ಬೇ" ಅಂದರು, "ಕೇಳಸವಲ್ದು."

ನಾನಿನ್ನೂ ಬಾಯಿ ತೆರೆದೇ ಇರಲಿಲ್ಲ.